ಓದುಗರ ಪ್ರಶ್ನೆ, ನಮ್ಮ ಉತ್ತರ: ಮಿಸಿಸಿಪ್ಪಿ ದಂಡೆಯ ಸೇಂಟ್ ಲೂಯಿಸ್

ಅಮೆರಿಕದ ಹಳೆಯ ನದಿತೀರದ ಊರುಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸೇಂಟ್ ಲೂಯಿಸ್ ಒಂದನ್ನೇ ಕುರಿತು ಕೇಳಿರುವುದರಿಂದ ಈ ಸಲದ ಅಂಕಣವನ್ನು ಆ ಊರಿಗೇ ಬಿಟ್ಟುಕೊಟ್ಟಿದ್ದೇವೆ. ಮೊದಲು ಕೈಸೇರಿದ್ದು ಮೈಸೂರಿನ ಓದುಗರೊಬ್ಬರ ಪತ್ರ. ಅವರು ಬರೆಯುತ್ತಾರೆ: "ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ನಮ್ಮನ್ನು ಸೇಂಟ್ ಲೂಯಿಸ್‌ಗೆ ಕರೆದೊಯ್ದು ಆ ದೊಡ್ಡ ಉಕ್ಕಿನ ಕಮಾನನ್ನು ತೋರಿಸಿದರು. ಊರು ಮೊದಲು ಹುಟ್ಟಿದ್ದು ಇದೇ ಜಾಗದಲ್ಲಿ ಎಂದರು. ಸುತ್ತ ನೋಡಿದರೆ ಹುಲ್ಲುಹಾಸು, ಮರಗಳು, ಒಂದು ಹಳೆಯ ಚರ್ಚು, ಅಷ್ಟೇ. ಇನ್ನೂರೈವತ್ತು ವರ್ಷ ದಾಟಿದ ಊರಿನ ಹಳೆಯ ಮನೆಗಳೆಲ್ಲ ಏನಾದವು?" ಬಹಳ ಒಳ್ಳೆಯ ಪ್ರಶ್ನೆ. ಆದರೆ ಊರು ಹುಟ್ಟಿದ ಬಗೆಯನ್ನು ತಿಳಿಯದೆ ಅದು ಅಳಿದ ಬಗೆಯನ್ನು ಹೇಳುವುದು ಕಷ್ಟ. ಆದ್ದರಿಂದ ಇದರ ಉತ್ತರವನ್ನು ಕೊನೆಗೆ ಇಟ್ಟುಕೊಂಡು, ಉಳಿದವರ ಪ್ರಶ್ನೆಗಳಿಂದ ಆರಂಭಿಸುತ್ತೇವೆ.

ಪ್ರಶ್ನೆ: ಸೇಂಟ್ ಲೂಯಿಸ್ ಊರನ್ನು ಹದಿನಾಲ್ಕು ವರ್ಷದ ಹುಡುಗನೊಬ್ಬ ಕಟ್ಟಿದನೆಂದು ಓದಿದ ನೆನಪು. ಇದು ನಿಜವೇ, ಕಟ್ಟುಕಥೆಯೇ? (ಹಾವೇರಿಯ ಒಬ್ಬ ಶಿಕ್ಷಕರು)

ಉತ್ತರ: ಅರ್ಧಕ್ಕಿಂತ ಹೆಚ್ಚು ನಿಜ. ಜಾಗವನ್ನು ಆರಿಸಿದವನು ಹುಡುಗನಲ್ಲ. ಮೊದಲ ಮರ ಕಡಿಸಿದವನು ಮಾತ್ರ ಅವನೇ.

1760ರ ದಶಕದ ಆರಂಭದಲ್ಲಿ ನ್ಯೂ ಆರ್ಲಿಯನ್ಸ್ ಫ್ರೆಂಚರ ವಸಾಹತು. ಅಲ್ಲಿನ ವರ್ತಕ ಗಿಲ್ಬರ್ ಆಂತ್ವಾನ್ ದ ಸೇಂಟ್ ಮ್ಯಾಕ್ಸೆಂಟ್‌ನ ವ್ಯಾಪಾರ ಕೂಟಕ್ಕೆ, ಮಿಸೌರಿ ನದಿಯ ಮೂಲನಿವಾಸಿ ಬುಡಕಟ್ಟುಗಳೊಡನೆ ತುಪ್ಪಳದ ವ್ಯಾಪಾರ ನಡೆಸುವ ಏಕಸ್ವಾಮ್ಯ ದೊರೆಯಿತು. ಬಂದೂಕು, ಕಂಬಳಿ, ಮಣಿಸರ, ಕಡಾಯಿಗಳನ್ನು ಕೊಟ್ಟು ಬೀವರ್, ಜಿಂಕೆ ಮುಂತಾದ ಪ್ರಾಣಿಗಳ ಚರ್ಮವನ್ನು ಪಡೆಯುವ ವ್ಯಾಪಾರ ಇದು. ಕೂಟದ ಪಾಲುದಾರನಾಗಿದ್ದ ಪಿಯೆರ್ ಲಾಕ್ಲೇಡ್ 1763ರ ಆಗಸ್ಟ್ ಆರಂಭದಲ್ಲಿ ಸರಕು ತುಂಬಿದ ದೋಣಿಗಳೊಡನೆ ನ್ಯೂ ಆರ್ಲಿಯನ್ಸ್ ಬಿಟ್ಟು, ಹರಿವಿನ ವಿರುದ್ಧ ಹುಟ್ಟುಹಾಕಿಸುತ್ತ, ಹಗ್ಗ ಕಟ್ಟಿ ಎಳೆಸುತ್ತ, ಮೂರು ತಿಂಗಳ ಬಳಿಕ ನವೆಂಬರಿನಲ್ಲಿ ಸೇಂಟ್ ಜೆನೆವೀವ್ ಎಂಬ ಹಳ್ಳಿಗೆ ಬಂದು ಮುಟ್ಟಿದ. ಅವನ ಸರಕಿಗೆ ಸಾಲುವಷ್ಟು ಉಗ್ರಾಣ ಅಲ್ಲಿರಲಿಲ್ಲ. ಎದುರು ದಂಡೆಯ ಫ್ರೆಂಚ್ ಕೋಟೆ ಫೋರ್ಟ್ ದ ಶಾರ್ತ್ರ್‌ನಲ್ಲಿ ಸರಕನ್ನು ಇಳಿಸಿ, ಡಿಸೆಂಬರಿನ ಚಳಿಯಲ್ಲಿ ಆತ ಉತ್ತರಕ್ಕೆ ಹೋಗಿ ಜಾಗ ಹುಡುಕಿದ. ಮೆಚ್ಚಿಗೆಯಾದ ಕಡೆ ಮರಗಳಿಗೆ ಕಚ್ಚು ಹಾಕಿ ಗುರುತು ಮಾಡಿ, ಜೊತೆಗಿದ್ದ ಹುಡುಗನಿಗೆ "ನದಿಯ ಹಿಮಗಡ್ಡೆ ಕರಗಿದ ಕೂಡಲೇ ನೀನು ಇಲ್ಲಿಗೆ ಬಂದು ಕೆಲಸ ಹಿಡಿಸಬೇಕು" ಎಂಬರ್ಥದ ಅಪ್ಪಣೆ ಕೊಟ್ಟ.

ಆ ಹುಡುಗನೇ ಒಗೂಸ್ಟ್ ಶೂತೋ. ಲಾಕ್ಲೇಡ್‌ನ ಸಂಗಾತಿ ಮಾರಿ ತೆರೇಸ್ ಬೂರ್ಜ್ವಾ ಶೂತೋಳ ಮಗ; ಗಂಡ ಬಿಟ್ಟುಹೋಗಿದ್ದರೂ ಅಂದಿನ ಫ್ರೆಂಚ್ ಕ್ಯಾಥೊಲಿಕ್ ಕಟ್ಟಳೆಯಲ್ಲಿ ವಿಚ್ಛೇದನಕ್ಕೆ ಎಡೆಯಿಲ್ಲದ್ದರಿಂದ, ಅವಳಿಗೆ ಲಾಕ್ಲೇಡ್‌ನಿಂದ ಹುಟ್ಟಿದ ಮಕ್ಕಳೂ ಶೂತೋ ಹೆಸರನ್ನೇ ಹೊತ್ತರು. 1764ರ ಫೆಬ್ರವರಿ ನಡುವೆ, ಹದಿನಾಲ್ಕರ ಆಸುಪಾಸಿನ ಈ ಹುಡುಗ ಸುಮಾರು 30 ಮಂದಿ ಕೆಲಸಗಾರರೊಡನೆ ಗುರುತಿನ ಮರಗಳ ಬಳಿ ಇಳಿದು, ಸರಕಿಗೊಂದು ಕೊಟ್ಟಿಗೆಯನ್ನೂ ಆಳುಗಳಿಗೆ ಚಿಕ್ಕ ಗುಡಿಸಲುಗಳನ್ನೂ ಕಟ್ಟಿಸತೊಡಗಿದ. ಊರು ಹುಟ್ಟಿದ ದಿನ ಫೆಬ್ರವರಿ 14 ಎಂದೂ 15 ಎಂದೂ ಹೇಳುವುದುಂಟು. ಶೂತೋ ಮುಂದೆ ಬರೆದ ಟಿಪ್ಪಣಿಯ ಪ್ರಕಾರ ಬಂದಿಳಿದದ್ದು 14ರಂದು, ಕೆಲಸ ಹಿಡಿದದ್ದು ಮರುದಿನ ಬೆಳಿಗ್ಗೆ. ಇದು ಅಮೆರಿಕದ ಶ್ರೇಷ್ಠ ನಗರಗಳಲ್ಲಿ ಒಂದಾಗಬಹುದು ಎಂದು ಲಾಕ್ಲೇಡ್ ಆಗಲೇ ಹೇಳಿದ್ದನೆಂಬುದೂ ಅದೇ ಟಿಪ್ಪಣಿಯಲ್ಲಿದೆ. ಊರು ಬೆಳೆದ ಮೇಲೆ ಬರೆದ ಮಾತಾದ್ದರಿಂದ ಅದನ್ನು ತುಸು ಎಚ್ಚರದಿಂದಲೇ ನಂಬಬೇಕು.

ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಸೇಂಟ್ ಲೂಯಿಸ್ ಹುಟ್ಟಿದ್ದು ಕೋಟೆಯಾಗಿ ಅಲ್ಲ, ಧರ್ಮಪ್ರಚಾರದ ನೆಲೆಯಾಗಿಯೂ ಅಲ್ಲ. ಅದು ಒಂದು ಮಂಡಿಯಾಗಿ ಹುಟ್ಟಿತು. ಬೇಸಾಯಕ್ಕಿಂತ ವ್ಯಾಪಾರದಲ್ಲೇ ಮನಸ್ಸಿಟ್ಟ ಅಲ್ಲಿನವರಿಗೆ ಸಾಕಷ್ಟು ಹಿಟ್ಟು ಒದಗದೆ, ಸೇಂಟ್ ಜೆನೆವೀವ್‌ನಿಂದ ತರಿಸಿಕೊಳ್ಳಬೇಕಾಗುತ್ತಿತ್ತು. ನೆರೆಯವರು ಆ ಊರನ್ನು "ಪೆಂ ಕೂರ್", ಅಂದರೆ ರೊಟ್ಟಿಗೆ ಗತಿಯಿಲ್ಲದ ಊರು, ಎಂದು ಹಂಗಿಸಿದರು. ಹಾಗೆ ನೋಡಿದರೆ ಸೇಂಟ್ ಜೆನೆವೀವ್‌ನ ಅಡ್ಡಹೆಸರು "ದಾರಿದ್ರ್ಯ", ಪಕ್ಕದ ಕರೊಂಡಲೆ ಹಳ್ಳಿಯದು "ಬರಿ ಜೇಬು". ಯಾರೂ ಯಾರನ್ನೂ ಬಿಟ್ಟಿರಲಿಲ್ಲ.

ಪ್ರಶ್ನೆ: ಎರಡು ಮಹಾನದಿಗಳು ಕೂಡುವ ಸ್ಥಳದಲ್ಲೇ ಊರು ಕಟ್ಟುವುದು ಸಹಜವಲ್ಲವೇ? ಸಂಗಮವನ್ನು ಬಿಟ್ಟು ಕೆಳಗೆ ಬಂದುದೇಕೆ? (ದಾವಣಗೆರೆ)

ಉತ್ತರ: ಲಾಕ್ಲೇಡ್ ಮೊದಲು ನೋಡಿದ್ದು ಸಂಗಮವನ್ನೇ. ಮಿಸೌರಿ ನದಿ ಮಿಸಿಸಿಪ್ಪಿಯನ್ನು ಸೇರುವ ಕಡೆ ನೆಲ ತಗ್ಗು. ನೆರೆ ಬಂದರೆ ಮುಳುಗುವಂಥದು. ಅಲ್ಲಿಂದ ನದಿಯ ದಾರಿಯಲ್ಲಿ ಸುಮಾರು 25 ಕಿ.ಮೀ. ಕೆಳಗೆ, ಪಶ್ಚಿಮದ ದಂಡೆಯಲ್ಲಿ ಸುಣ್ಣಕಲ್ಲಿನ ದಿಬ್ಬವೊಂದು ನೀರಿನಿಂದ ಸುಮಾರು 10 ಮೀಟರ್ ಎತ್ತರಕ್ಕೆ ನೇರವಾಗಿ ಎದ್ದಿತ್ತು. ದೋಣಿ ಕಟ್ಟಲು ಕೆಳಗೆ ಕಿರಿದಾದ ದಂಡೆ, ಮನೆ ಕಟ್ಟಲು ಮೇಲೆ ಇಳಿಜಾರು ಬಯಲು, ಹತ್ತಿರದಲ್ಲೇ ಸೌದೆಗೆ ಕಾಡು, ಕಟ್ಟಡಕ್ಕೆ ಕಲ್ಲು: ಎಲ್ಲವೂ ಒಂದೆಡೆ ಸಿಕ್ಕವು. ಎದುರಿನ ಪೂರ್ವದಂಡೆ ಇದಕ್ಕೆ ತದ್ವಿರುದ್ಧವಾದ ತಗ್ಗುಪ್ರದೇಶ.

ಈ ಆಯ್ಕೆ ಎಷ್ಟು ಸರಿಯಾಗಿತ್ತೆಂಬುದು 1993ರ ಮಹಾನೆರೆಯಲ್ಲಿ ಮತ್ತೊಮ್ಮೆ ಕಂಡಿತು. ಆ ಆಗಸ್ಟ್ 1ರಂದು ನದಿಯ ಮಟ್ಟ ಅಲ್ಲಿನ ಅಳತೆಗಂಬದಲ್ಲಿ 49.6 ಅಡಿ ಮುಟ್ಟಿತು. 30 ಅಡಿ ದಾಟಿದರೆ ನೆರೆ ಎಂದು ಲೆಕ್ಕ. 52 ಅಡಿಗೆ ಕಟ್ಟಿದ್ದ ತಡೆಗೋಡೆ ನಗರವನ್ನು ಕಾಯಿತು ನಿಜ. ಆದರೆ ಹಳೆಯ ಊರಿನ ಜಾಗದಲ್ಲಿ ನೀರು ಕಮಾನಿನ ಮುಂದಿನ ಮೆಟ್ಟಿಲುಗಳನ್ನು ಏರಿತೇ ವಿನಾ ದಿಬ್ಬವನ್ನು ಹತ್ತಲಿಲ್ಲ.

ಪ್ರಶ್ನೆ: ಫ್ರೆಂಚರು ಬರುವ ಮುನ್ನ ಅಲ್ಲಿ ಜನವಸತಿಯೇ ಇರಲಿಲ್ಲವೇ? "ಸ್ಥಾಪನೆ" ಎಂಬ ಮಾತು ನನಗೆ ಸರಿಕಾಣುವುದಿಲ್ಲ. (ಧಾರವಾಡದ ವಿದ್ಯಾರ್ಥಿನಿ)

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದುದು. ನದಿಯ ಆಚೆಯ ತಗ್ಗಿನಲ್ಲಿ, ಇಂದಿನ ಇಲಿನಾಯ್ ರಾಜ್ಯದೊಳಗೆ, ಸುಮಾರು 1050ರಿಂದ 1200ರವರೆಗೆ ಕಹೋಕಿಯಾ ಎಂಬ ಮಹಾಪಟ್ಟಣ ಬಾಳಿತ್ತು. ಅದರ ಉಚ್ಛ್ರಾಯದ ಕಾಲದಲ್ಲಿ ಹತ್ತರಿಂದ ಇಪ್ಪತ್ತು ಸಾವಿರ ಜನರಿದ್ದರೆಂದು ಅಂದಾಜಿಸುತ್ತಾರೆ. ಬುಟ್ಟಿಯಲ್ಲಿ ಮಣ್ಣು ಹೊತ್ತು ಪೇರಿಸಿದ ಅಲ್ಲಿನ ದೊಡ್ಡ ದಿಬ್ಬ ಇಂದಿಗೂ ಸುಮಾರು 30 ಮೀಟರ್ ಎತ್ತರವಿದ್ದು, ಮೆಕ್ಸಿಕೋದ ಉತ್ತರಕ್ಕೆ ಪ್ರಾಚೀನರು ಕಟ್ಟಿದ ಮಣ್ಣಿನ ರಚನೆಗಳಲ್ಲಿ ಅದೇ ಅತಿ ದೊಡ್ಡದು. 1982ರಲ್ಲಿ ಯುನೆಸ್ಕೋ ಆ ನೆಲೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಫ್ರೆಂಚರು ಕಾಲಿಡುವ ಹೊತ್ತಿಗೆ ಪಟ್ಟಣ ಬಹಳ ಹಿಂದೆಯೇ ಬರಿದಾಗಿತ್ತು. ಆದರೆ ಅದೇ ಸಂಸ್ಕೃತಿಯವರ ದಿಬ್ಬಗಳು ಪಶ್ಚಿಮದ ದಂಡೆಯಲ್ಲೂ ಇದ್ದುದರಿಂದಲೇ ಸೇಂಟ್ ಲೂಯಿಸ್‌ಗೆ "ದಿಬ್ಬಗಳ ನಗರ" ಎಂಬ ಹೆಸರು ಬಂದಿತ್ತು. ಹೆಸರಿನ ಬಗ್ಗೆ ಹೆಮ್ಮೆಪಟ್ಟವರು ದಿಬ್ಬಗಳನ್ನು ಉಳಿಸಿಕೊಳ್ಳಲಿಲ್ಲ. ಅವುಗಳಲ್ಲಿ ದೊಡ್ಡದನ್ನು 1869ರ ವೇಳೆಗೆ ಅಗೆದು ಮುಗಿಸಿ, ಮಣ್ಣನ್ನು ರೈಲುಹಾದಿಗೆ ಸುರಿದರು.

ಊರು ಕಟ್ಟುವಾಗಲೂ ಮೂಲನಿವಾಸಿಗಳು ದೂರದಲ್ಲೇನೂ ಇರಲಿಲ್ಲ. 1764ರಲ್ಲಿ ಮಿಸೌರಿ ಬುಡಕಟ್ಟಿನ ನೂರಕ್ಕೂ ಮಿಕ್ಕಿದ ಯೋಧರು ಹೆಂಡಿರು ಮಕ್ಕಳೊಡನೆ ಬಂದು, ನಾವೂ ಇಲ್ಲೇ ನೆಲೆಸುತ್ತೇವೆಂದು ಬೀಡುಬಿಟ್ಟರು. ಇದ್ದ ಮೂವತ್ತು ನಲವತ್ತು ಜನ ಫ್ರೆಂಚರಿಗೆ ದಿಗಿಲಾಯಿತು; ಲಾಕ್ಲೇಡ್‌ನನ್ನು ಕರೆಸಿದರು. ಆತ ಮಾತಿನಲ್ಲೇ ಅವರನ್ನು ಒಪ್ಪಿಸಿ ಹಿಂದಕ್ಕೆ ಕಳುಹಿಸುವಷ್ಟರಲ್ಲಿ, ಶೂತೋ ಆ ಬುಡಕಟ್ಟಿನ ಹೆಂಗಸರು ಮಕ್ಕಳಿಂದ ಲಾಕ್ಲೇಡ್‌ನ ಮನೆಯ ನೆಲಮಾಳಿಗೆಯನ್ನು ಅಗೆಸಿಬಿಟ್ಟಿದ್ದ. ಮರದ ತಟ್ಟೆಗಳಲ್ಲೂ ಬುಟ್ಟಿಗಳಲ್ಲೂ ಮಣ್ಣನ್ನು ತಲೆಯ ಮೇಲೆ ಹೊತ್ತು ಹಾಕಿದ ಅವರಿಗೆ ಸಿಕ್ಕ ಕೂಲಿ ಇಂಗಳೀಕ, ದಬ್ಬಣ ಇಂಥವು. ಊರಿನ ಮೊದಲ ಭದ್ರ ಕಟ್ಟಡದ ಗುಂಡಿ ತೋಡಿದ ಕೈಗಳು ಯಾರವೆಂಬುದು ಸ್ಥಾಪಕರ ಕಥೆಯಲ್ಲಿ ಬಹುತೇಕ ಬಿಟ್ಟುಹೋಗುತ್ತದೆ.

ಪ್ರಶ್ನೆ: ಊರಿಗೆ ಯಾವ ಲೂಯಿಯ ಹೆಸರು? (ಕುಂದಾಪುರ)

ಉತ್ತರ: ಆಗ ಆಳುತ್ತಿದ್ದವನು ಹದಿನೈದನೇ ಲೂಯಿ. ಹೆಸರು ಮಾತ್ರ ಅವನ ರಕ್ಷಕ ಸಂತನೆನಿಸಿದ ಹದಿಮೂರನೇ ಶತಮಾನದ ಫ್ರೆಂಚ್ ದೊರೆ ಒಂಬತ್ತನೇ ಲೂಯಿಯದು. ಇದರಲ್ಲೊಂದು ವಿಪರ್ಯಾಸವಿದೆ: ಲಾಕ್ಲೇಡ್ ಹೆಸರಿಡುವ ಹೊತ್ತಿಗೆ ಆ ನೆಲ ಫ್ರಾನ್ಸಿನದಾಗಿಯೇ ಇರಲಿಲ್ಲ. 1762ರ ಗುಟ್ಟಿನ ಒಪ್ಪಂದವೊಂದರಲ್ಲಿ ಫ್ರಾನ್ಸು ಮಿಸಿಸಿಪ್ಪಿಯ ಪಶ್ಚಿಮದ ನೆಲವನ್ನು ಸ್ಪೇನಿಗೆ ಕೊಟ್ಟಾಗಿತ್ತು. ಆ ಸುದ್ದಿ ಇಷ್ಟು ದೂರ ತಲುಪಿದ್ದು 1764ರ ಕೊನೆಗೆ. ಪೂರ್ವದಂಡೆ ಬ್ರಿಟಿಷರ ಪಾಲಾದದ್ದು ಮಾತ್ರ ಮೊದಲೇ ತಿಳಿದಿತ್ತು. ಬ್ರಿಟಿಷರ ಕೆಳಗೆ ಬಾಳಲೊಲ್ಲದ ಆ ದಂಡೆಯ ಫ್ರೆಂಚ್ ಕುಟುಂಬಗಳು ಕೆಲವರಂತೂ ಬಾಗಿಲು ಕಿಟಕಿಗಳನ್ನೂ ಕಿತ್ತುಕೊಂಡು ಹೊಸ ಊರಿಗೆ ದಾಟಿ ಬಂದವು. ಊರು ಬೇಗ ತುಂಬಿಕೊಂಡದ್ದಕ್ಕೆ ಇದೇ ಕಾರಣ.

ಪ್ರಶ್ನೆ: ಒಂದೇ ದಿನದ ಅಂತರದಲ್ಲಿ ಮೂರು ದೇಶಗಳ ಬಾವುಟ ಆ ಊರಿನಲ್ಲಿ ಹಾರಿದ್ದು ಹೌದೇ? (ಬೆಳಗಾವಿ)

ಉತ್ತರ: ಹೌದು, 1804ರ ಮಾರ್ಚ್ 9 ಮತ್ತು 10ರಂದು. ಸ್ಪೇನು ಆ ನೆಲವನ್ನು ಕಾಗದದ ಮೇಲೆ ಫ್ರಾನ್ಸಿಗೆ ಮರಳಿಸಿತ್ತು. ನೆಪೋಲಿಯನ್ 1803ರಲ್ಲಿ ಅದನ್ನು 1.5 ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿದ್ದ. ಸೇಂಟ್ ಲೂಯಿಸ್‌ನಲ್ಲಿ ಮಾತ್ರ ಸ್ಪೇನಿನ ಅಧಿಕಾರಿಯೇ ಇನ್ನೂ ಕುಳಿತಿದ್ದ. ಎರಡೂ ಹಸ್ತಾಂತರಗಳನ್ನು ಒಟ್ಟಿಗೆ ಮುಗಿಸಲು ಅಮೆರಿಕದ ಕ್ಯಾಪ್ಟನ್ ಏಮಸ್ ಸ್ಟಾಡರ್ಡ್ ಮೊದಲು ಫ್ರಾನ್ಸಿನ ಪರವಾಗಿ ಊರನ್ನು ಪಡೆದ, ಮರುದಿನ ಅದೇ ಊರನ್ನು ತನ್ನ ದೇಶದ ಪರವಾಗಿ ವಶಪಡಿಸಿಕೊಂಡ. ಫ್ರೆಂಚ್ ಬಾವುಟ ಅಂದು ರಾತ್ರಿ ಹಾರಾಡುತ್ತಿರಲೆಂದು ಅಲ್ಲಿನ ಫ್ರೆಂಚರ ಸಲುವಾಗಿ ಬಿಟ್ಟರು ಎನ್ನುತ್ತಾರೆ. ಸ್ಪೇನಿನ ಆಳ್ವಿಕೆಯ ಆ ದಶಕಗಳಲ್ಲೂ ಊರಿನ ಮಾತು, ಅಡುಗೆ, ಮದುವೆ, ಜಗಳ ಎಲ್ಲವೂ ಫ್ರೆಂಚ್ ಆಗಿಯೇ ಇದ್ದವು.

ಪ್ರಶ್ನೆ: ಸಾವಿರ ಜನರ ಹಳ್ಳಿಯೊಂದು ಅಷ್ಟು ಬೇಗ ಮಹಾನಗರವಾದುದು ಹೇಗೆ? ತುಪ್ಪಳದ ವ್ಯಾಪಾರವೊಂದೇ ಸಾಕಾಯಿತೇ? (ಬೆಂಗಳೂರು)

ಉತ್ತರ: ಸಾಕಾಗಲಿಲ್ಲ. ಬಾವುಟ ಬದಲಾದಾಗ ಊರಿನ ಜನಸಂಖ್ಯೆ ಸುಮಾರು 1,000. ಶೂತೋ ಮನೆತನದವರು ಒಸೇಜ್ ಬುಡಕಟ್ಟಿನೊಡನೆ ಬೆಳೆಸಿಕೊಂಡ ನಂಟಿನಿಂದ ತುಪ್ಪಳದಲ್ಲಿ ಚೆನ್ನಾಗಿ ಸಂಪಾದಿಸಿದರು. 1804ರಲ್ಲಿ ಪಶ್ಚಿಮಕ್ಕೆ ಹೊರಟು 1806ರ ಸೆಪ್ಟೆಂಬರಿನಲ್ಲಿ ಇದೇ ಊರಿಗೆ ಮರಳಿದ ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ತಂದ ಸುದ್ದಿ ಆ ವ್ಯಾಪಾರವನ್ನು ಪಶ್ಚಿಮದ ರಾಕಿ ಬೆಟ್ಟಸೀಮೆಯವರೆಗೆ ಚಾಚಿತು. ಆದರೆ ಊರನ್ನು ನಗರವಾಗಿಸಿದ್ದು ಉಗಿದೋಣಿ.

ಹಳೆಯ ದೋಣಿಗಳಿಗೆ ಮೂರು ತಿಂಗಳು ಹಿಡಿಯುತ್ತಿದ್ದ ದಾರಿಯನ್ನು ನೆನೆಯಿರಿ. 1817ರಲ್ಲಿ ಮೊದಲ ಉಗಿದೋಣಿ, "ಝೆಬುಲನ್ ಎಂ. ಪೈಕ್", ಈ ದಂಡೆಗೆ ಬಂದು ನಿಂತಿತು. ಕೆಲವೇ ವರ್ಷಗಳಲ್ಲಿ ನ್ಯೂ ಆರ್ಲಿಯನ್ಸಿನಿಂದ ಬರುವ ದಾರಿ ದಿನಗಳ ಲೆಕ್ಕಕ್ಕಿಳಿಯಿತು. ಆದರೂ ಉಗಿದೋಣಿ ಎಲ್ಲ ಊರುಗಳಿಗೂ ಬಂದಿತ್ತಲ್ಲ, ಈ ಊರಿಗೇ ಏಕೆ ಒಲಿಯಿತು ಎಂದು ಕೇಳಬಹುದು. ಗುಟ್ಟು ನದಿಯ ಆಳದಲ್ಲಿದೆ. ಮಿಸೌರಿಯ ನೀರು ಸೇರಿಕೊಂಡ ಮೇಲೆ, ಅಂದರೆ ಸೇಂಟ್ ಲೂಯಿಸ್‌ನಿಂದ ಕೆಳಗೆ, ಮಿಸಿಸಿಪ್ಪಿ ಆಳವಾದ ನದಿ. ಮೇಲಿನ ಮಿಸಿಸಿಪ್ಪಿಯೂ ಮಿಸೌರಿಯೂ ಅದಕ್ಕಿಂತ ತೆಳುನೀರಿನವು. ನ್ಯೂ ಆರ್ಲಿಯನ್ಸಿನಿಂದ ಬಂದ ಭಾರಿ ದೋಣಿಗಳು ಇಲ್ಲಿಗೇ ನಿಲ್ಲಬೇಕು. ಮುಂದಿನ ಪಯಣಕ್ಕೆ ಸರಕನ್ನು ಚಿಕ್ಕ ದೋಣಿಗಳಿಗೆ ಬದಲಿಸಬೇಕು. ಸರಕು ಇಳಿಸಿ ಏರಿಸುವ ಪ್ರತಿ ಸಲವೂ ಹಮಾಲಿ, ಉಗ್ರಾಣದ ಬಾಡಿಗೆ, ದಲ್ಲಾಳಿ, ಸಾಲ, ವಿಮೆ ಎಲ್ಲಕ್ಕೂ ಕೆಲಸ. ಮಂಡಿಯಾಗಿ ಹುಟ್ಟಿದ ಊರಿಗೆ ಇದಕ್ಕಿಂತ ಇನ್ನೇನು ಬೇಕು? ಇದರ ಜೊತೆಗೆ ಪಶ್ಚಿಮಕ್ಕೆ ಗುಳೆ ಹೊರಟ ಕುಟುಂಬಗಳು ಹಿಟ್ಟು, ಉಪ್ಪು, ಗಾಡಿ, ಬಂದೂಕುಗಳನ್ನು ಇಲ್ಲೇ ಕೊಂಡು ಮುಂದೆ ಸಾಗಿದವು. ಜರ್ಮನಿ ಮತ್ತು ಐರ್ಲೆಂಡಿನಿಂದ ಬಂದವರು ಇಲ್ಲೇ ಬೇರುಬಿಟ್ಟರು. ಸುಣ್ಣಕಲ್ಲಿನ ನೆಲದಡಿಯ ತಣ್ಣನೆಯ ಗವಿಗಳನ್ನು ಕಂಡ ಜರ್ಮನರು ಅವುಗಳಲ್ಲಿ ಬಿಯರ್ ಮಾಗಿಸಿ ಊರಿಗೆ ಹೊಸ ಉದ್ಯಮವನ್ನೇ ಕೊಟ್ಟರು. 1840ರ ಜನಗಣತಿಯಲ್ಲಿ 16,469 ಇದ್ದ ಜನಸಂಖ್ಯೆ 1850ಕ್ಕೆ 77,860 ಆಯಿತು, 1860ಕ್ಕೆ 1,60,773.

ಇದೆಲ್ಲ ಸಲೀಸಾಗಿ ನಡೆದುಹೋಯಿತೆಂದು ತಿಳಿಯಬೇಡಿ. 1830ರ ದಶಕದಲ್ಲಿ ನದಿ ಪೂರ್ವಕ್ಕೆ ಸರಿಯತೊಡಗಿ, ಊರಿನ ಮುಂದೆ ಮರಳದಿಣ್ಣೆ ಬೆಳೆದು, ರೇವು ಹೂತುಹೋಗುವ ಭಯ ಹುಟ್ಟಿತು. 1837ರಲ್ಲಿ ಬಂದ ಸೇನಾ ಎಂಜಿನಿಯರ್ ಒಬ್ಬರು ನಡುಗಡ್ಡೆಯ ಬಳಿ ಒಡ್ಡುಗಳನ್ನು ಹಾಕಿಸಿ ಹರಿವನ್ನು ಪಶ್ಚಿಮದ ದಂಡೆಗೆ ತಿರುಗಿಸಿದರು. ಅದೇ ಹರಿವು ಮರಳನ್ನು ಕೊಚ್ಚಿಕೊಂಡು ಹೋಯಿತು. ಆ ಎಂಜಿನಿಯರ್ ಮುಂದೆ ಅಂತರ್ಯುದ್ಧದಲ್ಲಿ ದಕ್ಷಿಣದ ಸೇನಾಪತಿಯಾದ ರಾಬರ್ಟ್ ಇ. ಲೀ. 1849 ಇನ್ನೂ ಕೆಟ್ಟ ವರ್ಷ. ಮೇ 17ರ ರಾತ್ರಿ "ವೈಟ್ ಕ್ಲೌಡ್" ಎಂಬ ಉಗಿದೋಣಿಗೆ ಹತ್ತಿದ ಬೆಂಕಿ ಕಟ್ಟಿಹಾಕಿದ್ದ ಇತರ ದೋಣಿಗಳಿಗೂ ದಂಡೆಗೂ ಹಾರಿ, 23 ಉಗಿದೋಣಿಗಳನ್ನೂ ನಾನೂರಕ್ಕೂ ಹೆಚ್ಚು ಕಟ್ಟಡಗಳನ್ನೂ ಸುಟ್ಟಿತು. ಬೆಂಕಿಯ ದಾರಿ ಕಡಿಯಲು ಮದ್ದಿನಿಂದ ಕಟ್ಟಡಗಳನ್ನು ಉರುಳಿಸುತ್ತಿದ್ದ ಅಗ್ನಿಶಾಮಕ ದಳದ ನಾಯಕ ಥಾಮಸ್ ಟಾರ್ಗೀ ಅದೇ ಸ್ಫೋಟದಲ್ಲಿ ಸತ್ತ. ಅದೇ ವರ್ಷದ ಕಾಲರಾಕ್ಕೆ ಊರಿನ ಹತ್ತರಲ್ಲಿ ಸುಮಾರು ಒಬ್ಬರು ಬಲಿಯಾದರು. ಲಾಕ್ಲೇಡ್ ಕಾಲದ ಕಂಬ ಹುಗಿದು ಕಟ್ಟಿದ ಮರದ ಮನೆಗಳಲ್ಲಿ ಅಳಿದುಳಿದಿದ್ದವಕ್ಕೂ ಕಾಲ ಮುಗಿದು, ಇಟ್ಟಿಗೆ, ಎರಕದ ಕಬ್ಬಿಣಗಳ ಕಟ್ಟಡಗಳು ಎದ್ದವು. ಮೈಸೂರಿನ ಓದುಗರ ಪ್ರಶ್ನೆಗೆ ಉತ್ತರದ ಮೊದಲ ಭಾಗ ಇಲ್ಲಿದೆ.

ಈ ಸಿರಿಯಲ್ಲಿ ಗುಲಾಮರ ದುಡಿಮೆಯೂ ಸೇರಿತ್ತೆಂಬುದನ್ನು ಮರೆಯಲಾಗದು. ಊರಿನ ನ್ಯಾಯಾಲಯದ ಮೆಟ್ಟಿಲುಗಳ ಮೇಲೆ ಗುಲಾಮರ ಹರಾಜು ನಡೆಯುತ್ತಿತ್ತು. ಬಿಡುಗಡೆ ಬೇಡಿ ಡ್ರೆಡ್ ಸ್ಕಾಟ್ ಹೂಡಿದ ದಾವೆ ವಿಚಾರಣೆಗೆ ಬಂದದ್ದೂ ಅದೇ ಕಟ್ಟಡದಲ್ಲಿ. 1850ರಲ್ಲಿ ಅವನು ಅಲ್ಲಿ ಗೆದ್ದ, 1857ರಲ್ಲಿ ದೇಶದ ಸುಪ್ರೀಂ ಕೋರ್ಟಿನಲ್ಲಿ ಸೋತ.

ಪ್ರಶ್ನೆ: ಹಾಗಾದರೆ ಶಿಕಾಗೋ ಮುಂದೆ ಹೋಗಿ ಸೇಂಟ್ ಲೂಯಿಸ್ ಹಿಂದೆ ಬಿದ್ದುದೇಕೆ? (ಅದೇ ಓದುಗರು)

ಉತ್ತರ: ನದಿಯನ್ನು ಅತಿಯಾಗಿ ನಂಬಿದ್ದರಿಂದ, ಎಂಬುದು ನಮ್ಮ ಅಭಿಪ್ರಾಯ. ಮಿಸಿಸಿಪ್ಪಿಗೆ ಮೊದಲ ರೈಲು ಸೇತುವೆ ಬಿದ್ದುದು 1856ರಲ್ಲಿ, ಉತ್ತರದ ರಾಕ್ ಐಲೆಂಡ್ ಬಳಿ. ಅದು ಶಿಕಾಗೋದ ರೈಲುಗಳಿಗೆ ಪಶ್ಚಿಮದ ಬಾಗಿಲನ್ನು ತೆರೆಯಿತು. ಕೆಲವೇ ದಿನಗಳಲ್ಲಿ "ಎಫೀ ಆಫ್ಟನ್" ಎಂಬ ಉಗಿದೋಣಿ ಸೇತುವೆಗೆ ಬಡಿದು ಸುಟ್ಟಿತು. ದೋಣಿಯ ಒಡೆಯರು ಸೇತುವೆಯೇ ಅಡ್ಡಿಯೆಂದು ಮೊಕದ್ದಮೆ ಹೂಡಿದರು, ಸೇಂಟ್ ಲೂಯಿಸ್‌ನ ದೋಣಿ ವ್ಯಾಪಾರಿಗಳು ಅವರ ಬೆನ್ನಿಗೆ ನಿಂತರು. ಸೇತುವೆಯ ಪರವಾಗಿ ವಾದಿಸಿದ ವಕೀಲರಲ್ಲಿ ಅಬ್ರಹಾಂ ಲಿಂಕನ್ ಒಬ್ಬರು. ಅಂತರ್ಯುದ್ಧದಲ್ಲಿ ಕೆಳಗಿನ ನದಿ ಮುಚ್ಚಿದಾಗ ದಕ್ಷಿಣದ ವ್ಯಾಪಾರ ನಿಂತಿತು, ಶಿಕಾಗೋದ ರೈಲುಗಳು ಓಡುತ್ತಲೇ ಇದ್ದವು.

ತಡವಾಗಿಯಾದರೂ ಸೇಂಟ್ ಲೂಯಿಸ್ ಕಟ್ಟಿದ ಸೇತುವೆ ಅದ್ಭುತವಾದುದು. ಮುಳುಗಿದ ದೋಣಿಗಳ ಸರಕನ್ನು ನದಿಯ ತಳಕ್ಕಿಳಿದು ಎತ್ತಿ ಬದುಕಿದ್ದ ಜೇಮ್ಸ್ ಬ್ಯುಕ್ಯಾನನ್ ಈಡ್ಸ್‌ಗೆ ಆ ತಳದ ಮರಳು ಹೇಗೆ ಜಾರುತ್ತದೆಂಬುದು ಸ್ವಂತ ಅನುಭವದಿಂದ ಗೊತ್ತಿತ್ತು. ಅದಕ್ಕೇ ಆತ ಕಂಬಗಳನ್ನು ಮರಳಿನಡಿಯ ಬಂಡೆಗೇ ಕೂರಿಸಬೇಕೆಂದು ಹಟ ಹಿಡಿದ. ಒತ್ತಿದ ಗಾಳಿ ತುಂಬಿದ ಕೋಣೆಗಳಲ್ಲಿ ಆಳದಲ್ಲಿ ದುಡಿದು ಸರಕ್ಕನೆ ಮೇಲೆ ಬಂದ ಕೆಲಸಗಾರರಲ್ಲಿ ಹತ್ತಕ್ಕೂ ಹೆಚ್ಚು ಮಂದಿ, ಆಗ ಯಾರಿಗೂ ಸರಿಯಾಗಿ ಅರ್ಥವಾಗದಿದ್ದ ಕಾಯಿಲೆಯಿಂದ ಸತ್ತರು. ನಡುಕಮಾನು 520 ಅಡಿ ಉದ್ದದ ಆ ಉಕ್ಕಿನ ಸೇತುವೆಯನ್ನು 1874ರ ಜುಲೈ 4ರಂದು ತೆರೆಯುವ ಮೊದಲು, ಜನರ ಅನುಮಾನ ನೀಗಲೆಂದು ಆನೆಯೊಂದನ್ನು ಅದರ ಮೇಲೆ ನಡೆಸಿದರು. ಭದ್ರವಲ್ಲದ ಕಡೆ ಆನೆ ಕಾಲಿಡದೆಂಬ ನಂಬಿಕೆ ಅಲ್ಲಿನವರಿಗೂ ಇತ್ತು. ಸೇತುವೆ ಇಂದಿಗೂ ಬಳಕೆಯಲ್ಲಿದೆ. ಆದರೆ 1880ರ ಜನಗಣತಿಯಲ್ಲಿ ಶಿಕಾಗೋ ಮುಂದೆ ಹೋಗಿತ್ತು.

1876ರಲ್ಲಿ ನಗರ ಮತ್ತೊಂದು ತಪ್ಪು ಮಾಡಿತು. ಸುತ್ತಲಿನ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಹಳ್ಳಿಗಾಡಿನ ಖರ್ಚು ತನಗೇಕೆಂದು ಅದರಿಂದ ಬೇರೆಯಾಗಿ, ಸುಮಾರು 159 ಚದರ ಕಿ.ಮೀ.ಗೆ ತನ್ನ ಗಡಿಯನ್ನು ತಾನೇ ಹಾಕಿಕೊಂಡಿತು. ಮುಂದೆ ಜನರು ಹಣದೊಡನೆ ಆ ಗಡಿಯಾಚೆಗೆ ಮನೆಮಾಡಿದಾಗ ಹಿಂಬಾಲಿಸುವ ದಾರಿ ಉಳಿಯಲಿಲ್ಲ. 1950ರಲ್ಲಿ 8,56,796 ಇದ್ದ ನಗರದ ಜನಸಂಖ್ಯೆ 2020ಕ್ಕೆ 3,01,578.

ಇನ್ನು ಮೈಸೂರಿನ ಓದುಗರ ಪ್ರಶ್ನೆ. ಲಾಕ್ಲೇಡ್ ಹಾಕಿದ ನಕ್ಷೆಯಲ್ಲಿ ನದಿಗೆ ಸಮಾನಾಂತರವಾಗಿ ಮೂರು ಬೀದಿಗಳಿದ್ದವು: ದೊಡ್ಡ ಬೀದಿ, ಚರ್ಚಿನ ಬೀದಿ, ಕಣಜಗಳ ಬೀದಿ. ನದಿಯಂಚಿನಲ್ಲಿ ಊರಬಯಲು, ಅದರ ಹಿಂದೆ ಅವನ ಮನೆ ಮತ್ತು ಉಗ್ರಾಣ, ಅದರ ಹಿಂದೆ ಚರ್ಚಿಗೆ ಬಿಟ್ಟ ನಿವೇಶನ. 1849ರ ಬೆಂಕಿಯ ಬಳಿಕ ಎದ್ದ ಇಟ್ಟಿಗೆಯ ಮಳಿಗೆಗಳು ದೋಣಿಗಳ ಕಾಲ ಮುಗಿದಂತೆ ಪಾಳುಬಿದ್ದವು. 1930ರ ದಶಕದಲ್ಲಿ, ಪಶ್ಚಿಮಕ್ಕೆ ದೇಶ ಹರಡಿದ ಚರಿತ್ರೆಗೊಂದು ಸ್ಮಾರಕ ಕಟ್ಟುವುದೆಂದು ತೀರ್ಮಾನವಾಯಿತು. ಸ್ಮಾರಕಕ್ಕೆ ಜಾಗ ಬೇಕಲ್ಲ! 1939ರಿಂದ ಹಳೆಯ ಊರಿನ ಸುಮಾರು 40 ಚೌಕಗಳ ಕಟ್ಟಡಗಳನ್ನು ಕೆಡವಿದರು. ಬಯಲಾದ ಜಾಗ ಬಹುಕಾಲ ಕಾರು ನಿಲ್ಲಿಸಲು ಬಳಕೆಯಾಯಿತು. ತುಪ್ಪಳದ ವರ್ತಕ ಮ್ಯಾನುಯೆಲ್ ಲೀಸಾ 1818ರಲ್ಲಿ ಕಟ್ಟಿದ್ದ ಕಲ್ಲಿನ ಉಗ್ರಾಣವೊಂದು ಹೇಗೋ ಉಳಿದುಕೊಂಡಿತ್ತು. 1959ರಲ್ಲಿ ಅದನ್ನೂ ಬಿಚ್ಚಿದರು. ಇಯರೋ ಸಾರಿನೆನ್ ರೂಪಿಸಿದ, 192 ಮೀಟರ್ ಎತ್ತರದ ಕಮಾನಿನ ಕೊನೆಯ ತುಂಡನ್ನು ಕೂರಿಸಿದ್ದು 1965ರ ಅಕ್ಟೋಬರ್ 28ರಂದು. ಊರಿನ ಚರಿತ್ರೆಯನ್ನು ನೆನೆಯಲು ಕಟ್ಟಿದ ಸ್ಮಾರಕಕ್ಕೆ ಆ ಚರಿತ್ರೆಯ ಕಟ್ಟಡಗಳೇ ಎಡೆ ಮಾಡಿಕೊಡಬೇಕಾಯಿತು.

ನೀವು ನೋಡಿದ ಆ ಹಳೆಯ ಚರ್ಚು 1834ರದು. ಅದು ನಿಂತಿರುವುದು 1764ರ ನಕ್ಷೆಯಲ್ಲಿ ಲಾಕ್ಲೇಡ್ ಚರ್ಚಿಗೆಂದು ಬಿಟ್ಟುಕೊಟ್ಟ ಅದೇ ನಿವೇಶನದಲ್ಲಿ. ಸುತ್ತಲಿನ ಎಲ್ಲ ನೆಲ ಕೈಯಿಂದ ಕೈಗೆ ದಾಟಿದರೂ ಅದೊಂದು ತುಂಡು ಇಂದಿಗೂ ಚರ್ಚಿನ ಒಡೆತನದಲ್ಲೇ ಇದೆ. ಮುಂದಿನ ಸಲ ಮಗಳ ಮನೆಗೆ ಹೋದಾಗ ಆ ಚರ್ಚಿನ ಬಾಗಿಲಲ್ಲಿ ನದಿಗೆ ಮುಖಮಾಡಿ ನಿಂತು ನೋಡಿ. ಮುಂದಿನ ಹುಲ್ಲುಹಾಸಿನಲ್ಲೇ ಲಾಕ್ಲೇಡ್‌ನ ಮನೆಯೂ, ಮಿಸೌರಿ ಬುಡಕಟ್ಟಿನ ಹೆಂಗಸರು ಅಗೆದ ನೆಲಮಾಳಿಗೆಯೂ ಇದ್ದದ್ದು.